ಮತ್ತೆ ಇಳಿದ ಸಾಲು

ಗಂಡ ಗೇಮ್ ಆಡಿ ಆಡಿ ಬಿಸಿಯಾದ ಫೋನು ಕೈಗೆ ತಗುಲಿದಾಗಲೆಲ್ಲ ನನಗೆ ಚಿಕ್ಕಪ್ಪನ ಅಂಗಿಯ ಬೆನ್ನು ನೆನಪಾಗುತ್ತದೆ.

ನಾನು ಚಿಕ್ಕವಳಿದ್ದಾಗ ಒಂದು ದಿನ ಕ್ಯಾಲನೂರಿನ ನಮ್ಮ ಮನೆಯಲ್ಲಿ ಗೂಡು ಕಟ್ಟಬೇಕಿದ್ದ ರೇಷ್ಮೆಹುಳುಗಳೆಲ್ಲ ಹಸಿರು ನೀರು ಕಾರಿಕೊಂಡು ತಟ್ಟೆಗಳಲ್ಲೇ ಸತ್ತುಬಿದ್ದಿದ್ದವು. ಪಕ್ಕದ ಟೊಮೆಟೊ ತೋಟಕ್ಕೆ ಔಷಧಿ ಹೊಡೆದದ್ದು ತಿಳಿಯದೆ, ಚಿಕ್ಕಪ್ಪ ಬದುವಿನಂಚಿನ ಹಿಪ್ಪುನೇರಳೆ ಸೊಪ್ಪನ್ನೇ ಕೊಯ್ದು ತಂದು ಹಾಕಿದ್ದರು.

"ಮೂಗು ಸತ್ತೋಗಿತ್ತೇನ್ಲಾ ನಿಂಗೆ? ಸೊಪ್ಪು ಮೂಸಿ ನೋಡೋಕಾಗ್ಲಿಲ್ವಾ? ಸತ್ತಿದ್ದು ಮತ್ತೆ ಬರ್ತದೇನ್ಲಾ?" ಎನ್ನುತ್ತ ತಾತ ಹಿಪ್ಪುನೇರಳೆ ಕೋಲಿನಿಂದ ಮುಖ ಮೂತಿ ನೋಡದೆ ಬಾರಿಸಿದರು. ಮದುವೆಯಾದ ಮಗ, ಹೆಂಡತಿ ಎದುರಿಗೇ ನಿಂತಿದ್ದಾಳೆ ಎಂದೂ ನೋಡಲಿಲ್ಲ. ಕೋಲು ಮುರಿದಾಗ ಇನ್ನೊಂದು ತೆಗೆದುಕೊಂಡರು. ಚಿಕ್ಕಪ್ಪ ಕೈ ಅಡ್ಡ ಹಿಡಿಯಲಿಲ್ಲ.

ಆಮೇಲೆ ಅಂಗಿ ತೊಟ್ಟು, ನನ್ನನ್ನು ಸೈಕಲ್ಲಿನ ಮುಂದೆ ಕೂರಿಸಿಕೊಂಡು ಕೋಲಾರಕ್ಕೆ ತುಳಿದರು. ಬಸ್‌ಸ್ಟ್ಯಾಂಡಿನ ಹಿಂದಿನ ಅಂಗಡಿಗೆ ಹೊಸದಾಗಿ ವಿಡಿಯೋ ಗೇಮಿನ ಪೆಟ್ಟಿಗೆ ಬಂದಿತ್ತು. ಗಾಜಿನೊಳಗೆ ಹುಳುಗಳಂಥವು ಸಾಲು ಸಾಲಾಗಿ ಇಳಿಯುತ್ತಿದ್ದವು. ಚಿಕ್ಕಪ್ಪ ಗುಂಡಿಯನ್ನು ಗುದ್ದಿ ಗುದ್ದಿ ಒಂದೊಂದನ್ನೂ ಸಿಡಿಸಿದರು. ಪ್ರತಿ ಗುದ್ದಿಗೂ ಪೆಟ್ಟಿಗೆ ಅಲುಗುತ್ತಿತ್ತು. ಬೆನ್ನಿನ ಬಾಸುಂಡೆಗಳಿಗೆ ಅಂಗಿ ಕೆಂಪಗೆ ಅಂಟಿಕೊಂಡಿತ್ತು.

"ಮೆಲ್ಲಗೆ ಅಣ್ಣಾ, ಒಡ್ದೋಗ್ತದೆ!" ಎಂದು ಅಂಗಡಿಯವನು ಕೂಗಿದ.

ಕೊನೆಯದೂ ಸತ್ತು ಗಾಜು ಖಾಲಿಯಾಯಿತು. ತಾತ ಕೋಲು ಹಿಡಿದು ಬಂದಾರೆಂದು ನಾನು ಹೆದರಿ ಬಾಗಿಲ ಕಡೆ ನೋಡಿದೆ. ಯಾರೂ ಬರಲಿಲ್ಲ. ಮೇಲಿನಿಂದ ಹೊಸ ಸಾಲು ಇಳಿಯಿತು.

ಚಿಕ್ಕಪ್ಪ ಒಡೆದ ತುಟಿಯಲ್ಲೇ ನಕ್ಕರು.

"ನೋಡಮ್ಮಾ, ಎಲ್ಲಾ ಸತ್ವು. ಮತ್ತೆ ಬಂದ್ವು."