ವಾರಪತ್ರಿಕೆಯ ವಿಧವೆ

ಮುನ್ನೂರು ವರ್ಷಗಳ ಹಿಂದೆ ಲಂಡನ್ನಿನ ಒಂದು ವಾರಪತ್ರಿಕೆಗೆ ಓದುಗರು ಯಾರೂ ಪತ್ರ ಬರೆಯುತ್ತಿರಲಿಲ್ಲ. ಹಾಗಾಗಿ ಸಂಪಾದಕನೇ ಒಬ್ಬ ವಿಧವೆಯ ಹೆಸರಿನಲ್ಲಿ ತನಗೆ ತಾನೇ ಪತ್ರ ಬರೆದು ಅಚ್ಚು ಹಾಕುತ್ತಿದ್ದ. ಕಾಫಿ ಅಂಗಡಿಗಳಲ್ಲಿ ಜನ ಅವಳಿಗಾಗಿಯೇ ಪತ್ರಿಕೆ ಕೇಳತೊಡಗಿದರು.

"ವಾರವಾರ ನಿಮಗೇ ಬರೀತಾಳಲ್ಲ, ಯಾರ್ರೀ ಅವಳು?" ಹೆಂಡತಿ ಕೇಳಿದಳು.

"ಅಯ್ಯೋ, ಅವಳು ನಾನೇ ಕಣೇ!"

"ಸುಳ್ಳು. ಹೆಂಗಸಿನ ಮನಸ್ಸು ನಿಮಗೆ ಅಷ್ಟು ಗೊತ್ತಿದ್ದಿದ್ರೆ ನನ್ನ ಹತ್ರ ಹೀಗಿರ್ತಿದ್ರಾ? ಅವಳಿರಬೇಕು, ಇಲ್ಲ ನಾನಿರಬೇಕು."

ಮುಂದಿನ ಸಂಚಿಕೆಯಲ್ಲಿ ಅವನು ವಿಧವೆಯನ್ನು ಜ್ವರದಿಂದ ಸಾಯಿಸಿ, ಅರ್ಧ ಪುಟ ಶ್ರದ್ಧಾಂಜಲಿ ಬರೆದ.

ಹೆಂಡತಿ ಅದನ್ನು ಎರಡು ಸಲ ಓದಿದಳು.

"ಈಗ ಸಮಾಧಾನ ಆಯ್ತಾ?"

"ನಾನು ಸತ್ತರೆ ಇಷ್ಟು ಚೆನ್ನಾಗಿ ಬರೀತೀರಾ?"