ಗೋಡೆಯ ಮೇಲೆ ಉಳಿದ ಎರಡು ಪದ

ಕ್ಷೌರದಂಗಡಿಯ ಪರದೆಯ ಹಿಂದೆ ಶಾಝ್ಲಿ ಉಸಿರು ಬಿಗಿಹಿಡಿದು ನಿಂತಿದ್ದ. ಪರದೆಯ ಆಚೆ, ಒಂದು ಮಾರು ದೂರದಲ್ಲಿ, ಊಟದ ಮನೆ ನಡೆಸುವ ಅಬುಲ್ ವಫಾ ಅವನ ಬಗ್ಗೆಯೇ ವಿಚಾರಿಸುತ್ತಿದ್ದರು.

"ಸಿಕ್ಕಿದ್ರೆ ಕಳಿಸಪ್ಪ. ಲೆಕ್ಕ ಮುಗಿಸದೆ ನಾನು ಹಡಗು ಹತ್ತೋ ಹಾಗಿಲ್ಲ."

ದನಿ ಸೋತಿತ್ತು. ಚಪ್ಪಲಿಯ ಸದ್ದು ಬೀದಿಗಿಳಿದು ದೂರವಾಯಿತು.

ಕ್ಷೌರಿಕ ದಸೂಕಿ ಪರದೆ ಸರಿಸಿದ. "ಬಾರಪ್ಪ ಹೊರಗೆ, ಚಿತ್ರಗಾರ. ಮೂರು ವರ್ಷ ಅವರ ಉಪ್ಪು ತಿಂದು ಈಗ ನನ್ನ ಒದ್ದೆ ಟವೆಲುಗಳ ಮಧ್ಯೆ ಅಡಗಿದ್ದೀಯಲ್ಲ. ನನ್ನ ಎರಡು ಕ್ಷೌರದ ಬಾಕಿಗೇನೂ ಹೆದರಬೇಡ, ನಾನು ಹಜ್‌ಗೆ ಹೋಗ್ತಾ ಇಲ್ಲ."

ಶಾಝ್ಲಿಗೆ ನಗು ಬರಲಿಲ್ಲ. ಹಜ್‌ಗೆ ಹೊರಟವರು ಮನೆಮನೆಗೆ ಹೋಗಿ ಕೊಡುವ ಕೊಳ್ಳುವ ಬಾಕಿ ಚುಕ್ತಾ ಮಾಡಿ, ತಪ್ಪಾಗಿದ್ದರೆ ಮಾಫಿ ಕೇಳಿ ಬರುವುದು ಇಸ್ನಾ ಊರಿನಲ್ಲಿ ತಲೆತಲಾಂತರದ ಪದ್ಧತಿ. ಊರಿನ ಋಣ ಹರಿಯದಿದ್ದರೆ ಯಾತ್ರೆ ಸಲ್ಲದು. ವಫಾ ಅವರಿಗೆ ಬರಬೇಕಾದ ಬಾಕಿಗಳಲ್ಲಿ ತನ್ನದಕ್ಕಿಂತ ದೊಡ್ಡದು ಯಾವುದೂ ಇರಲಾರದು ಎಂದು ಅವನಿಗೆ ಗೊತ್ತಿತ್ತು. ಮೂರು ವರ್ಷದ ಊಟ. ನಾನೂರು ಪೌಂಡ್ ದಾಟಿತ್ತು. ಚಿತ್ರ ಕೊಳ್ಳುವವರಿಲ್ಲ. ಅಂಗಡಿಗಳ ಹೆಸರು ಬರೆದು ಬಂದದ್ದು ಬಣ್ಣಕ್ಕೂ ಮಾಳಿಗೆಯ ಕೋಣೆಯ ಬಾಡಿಗೆಗೂ ಸರಿಹೋಗುತ್ತಿತ್ತು.

ನದಿಯ ದಂಡೆಯ ಆ ಊಟದ ಮನೆಯಲ್ಲಿ ಗಿರಾಕಿಗಳು ಕರಗಿದ ಮೇಲೆ ವಫಾ ತಮ್ಮ ತಟ್ಟೆಯನ್ನೂ ತಂದು ಅವನೆದುರು ಕೂರುತ್ತಿದ್ದರು. ಮಕ್ಕಳಿಲ್ಲದ ಮನುಷ್ಯ. ಒಬ್ಬನೇ ಕೂತರೆ ತುತ್ತು ಇಳಿಯುವುದಿಲ್ಲ ಎನ್ನುತ್ತಿದ್ದರು. ಬಿಸಿಲಿನಲ್ಲಿಟ್ಟು ಉಬ್ಬಿಸಿ ಸುಟ್ಟ ರೊಟ್ಟಿಯನ್ನು ಮುರಿದು, ದೊಡ್ಡ ತುಂಡನ್ನು ಅವನ ಕಡೆಗೆ ಸರಿಸುತ್ತಿದ್ದರು.

ಅಂಚೆಯವನು ಮಾಳಿಗೆ ಹತ್ತುತ್ತಿರಲಿಲ್ಲವಾದ್ದರಿಂದ ಶಾಝ್ಲಿಯ ವಿಳಾಸವೂ ಊಟದ ಮನೆಯದೇ. ಕೈರೋದ ಒಂದು ಚಿತ್ರಕಲಾ ಶಾಲೆಗೆ ಸೇರಲು ಹನ್ನೆರಡು ಚಿತ್ರ ಕಳಿಸಿದ್ದ ವರ್ಷ, ಕೂರುವ ಮೊದಲೇ ಕಾಗದ ಬಂತೇ ಎಂದು ಕೇಳುತ್ತಿದ್ದ.

"ಬಂದಿದ್ರೆ ಕೊಡ್ತಿರಲಿಲ್ವೇನೋ? ತಿನ್ನು, ಬೆಂಡೆಕಾಯಿ ಆರುತ್ತೆ," ಎನ್ನುತ್ತ ವಫಾ ರೊಟ್ಟಿ ಮುರಿಯಲು ತಲೆ ತಗ್ಗಿಸುತ್ತಿದ್ದರು. ಕ್ರಮೇಣ ಅವನು ಕೇಳುವುದನ್ನೇ ಬಿಟ್ಟ.

ಒಮ್ಮೆ ಐವತ್ತು ಪೌಂಡ್ ಕೈಗೆ ಬಂದಾಗ ತಂದು ಮೇಜಿನ ಮೇಲಿಟ್ಟಿದ್ದ. ವಫಾ ಅದನ್ನು ಬೆರಳ ತುದಿಯಿಂದ ಹಿಂದಕ್ಕೆ ತಳ್ಳಿದ್ದರು. "ಇಟ್ಕೋ. ಸಾಲ ತೀರಿಸಿಬಿಟ್ರೆ ನಾಳೆ ಬರ್ತೀಯೋ ಇಲ್ವೋ." ಇಬ್ಬರೂ ನಕ್ಕಿದ್ದರು.

ಅಂಥವರು ಈಗ ಬಾಯಿ ಬಿಟ್ಟು ಲೆಕ್ಕ ಎನ್ನುತ್ತಿದ್ದಾರೆ. ಎದುರು ನಿಂತು ಇಲ್ಲವೆಂದರೆ ಆ ಮೇಜಿನ ಸ್ನೇಹ ಅಲ್ಲಿಗೆ ಮುಗಿಯಿತು. ಊರಿನಲ್ಲಿ ಅವನಿಗೆ ಬೇರೆ ಯಾರಿದ್ದರು?

ಗುರುವಾರ ಬೆಳಿಗ್ಗೆ ಮಾಳಿಗೆಯ ಮೇಲಿಂದ ಕದ್ದು ನೋಡಿದ. ಬಂದರಿಗೆ ಹೋಗುವ ಬಸ್ಸು ನಿಂತಿತ್ತು. ವಫಾ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ಅವನ ಓಣಿಯತ್ತಲೇ ನೋಡುತ್ತಿದ್ದರು. ಡ್ರೈವರ್ ಎರಡು ಸಲ ಹಾರ್ನ್ ಹೊಡೆದ ಮೇಲೆ ಒಳಗೆ ಹೋದರು.

ಆ ನೋಟ ಅವನನ್ನು ಮಲಗಗೊಡಲಿಲ್ಲ. ಮರುದಿನವೇ ಬಣ್ಣದ ಡಬ್ಬಿಗಳನ್ನು ಹೊತ್ತು ವಫಾ ಅವರ ಹೆಂಡತಿ ನಈಮಾಳ ಮುಂದೆ ನಿಂತ. ಊರಿನ ವಾಡಿಕೆಯಂತೆ ಹಾಜಿ ಮರಳುವಷ್ಟರಲ್ಲಿ ಮನೆಯ ಗೋಡೆಯ ಮೇಲೆ ಅವರ ಯಾತ್ರೆಯ ಚಿತ್ರ ಇರಬೇಕಲ್ಲ. ತಾನೇ ಬರೆಯುತ್ತೇನೆ, ಕೂಲಿ ಬೇಡ, ಬಾಕಿಯಲ್ಲಿ ಅಷ್ಟು ಕಳೆದರೆ ಸಾಕು ಎಂದ.

ಬಾಕಿಯ ಮಾತು ತನಗೆ ಗೊತ್ತಿಲ್ಲವೆಂದಳು ನಈಮಾ. ಮೊದಲು ಊಟ ಮಾಡು ಎಂದಳು. ಅವನು ಒಪ್ಪಲಿಲ್ಲ. ಇನ್ನೊಂದು ತುತ್ತೂ ಆ ಲೆಕ್ಕಕ್ಕೆ ಸೇರಬಾರದು.

ನಾಲ್ಕು ದಿನ ಬರೆದ. ನೀಲಿ ಕಡಲು, ಹಡಗು, ಕಪ್ಪು ಹೊದಿಕೆಯ ಕಾಬಾ. ಅದರೆದುರು ಬಿಳಿ ಬಟ್ಟೆಯಲ್ಲಿ ಕೈಯೆತ್ತಿ ನಿಂತ ವಫಾ. ಆ ಮುಖಕ್ಕೇ ಒಂದು ದಿನ ಹಿಡಿಯಿತು. ತಗ್ಗಿದ ಕಣ್ಣುಗಳಷ್ಟೇ ಅವನಿಗೆ ನೆನಪಿಗೆ ಬರುತ್ತಿದ್ದವು. ಕೊನೆಗೆ, ಎಲ್ಲ ಹಾಜಿಗಳ ಗೋಡೆಯ ಮೇಲೂ ಇರುವ ಸಾಲು: ಹಜ್ ಸಂದಿತು, ಪಾಪ ಮನ್ನಾ. ಮೊದಲೆರಡು ಪದ ಬರೆಯುವಷ್ಟರಲ್ಲಿ ನಈಮಾ ತಟ್ಟೆ ಹಿಡಿದು ಏಣಿಯ ಬುಡದಲ್ಲಿ ನಿಂತಳು.

"ಇವತ್ತು ತಿನ್ನದಿದ್ರೆ ಏಣಿ ಎಳೀತೀನಿ ನೋಡು."

ಇಳಿದು ತಿಂದ. ತಟ್ಟೆ ಖಾಲಿಯಾದದ್ದನ್ನು ನೋಡಿಕೊಂಡು ಅವಳು ಮುಸುಕಿನೊಳಗಿಂದ ಒಂದು ಪೊಟ್ಟಣ ತೆಗೆದಳು.

"ಇದು ನಿನಗೆ. ಅವನು ಉಂಡ ಮೇಲೇ ಕೊಡು, ಮೊದಲು ಕೊಟ್ರೆ ಉಣ್ಣಲ್ಲ ಅಂದಿದ್ರು. ಏನೋ ಏನ್ಕಥೆಯೋ, ನನಗೆ ಓದೋಕೆ ಬರಲ್ಲ."

ಬಾಕಿಯ ಪಟ್ಟಿಯೇ ಇರಬೇಕು. ಶಾಝ್ಲಿ ಹೆದರುತ್ತಲೇ ಬಿಚ್ಚಿದ.

ಪಟ್ಟಿ ಇರಲಿಲ್ಲ. ಕೈರೋದ ಮುದ್ರೆಯಿದ್ದ ಲಕೋಟೆಯೊಂದಿತ್ತು, ಒಡೆದು ಮತ್ತೆ ಅಂಟಿಸಿದ್ದು. ಚಿತ್ರಗಳು ಮೆಚ್ಚುಗೆಯಾಗಿವೆ, ಮೂರು ವರ್ಷದ ಕಲಿಕೆ, ಇರಲು ಕೋಣೆ, ತಿಂಗಳಿಗಿಷ್ಟು ಹಣ, ಈ ತಿಂಗಳೊಳಗೆ ಬರತಕ್ಕದ್ದು. ತಾರೀಖು ನೋಡಿದ. ಎರಡು ವರ್ಷದ ಹಿಂದಿನದು.

ಜೊತೆಗೆ ಊಟದ ಚೀಟಿಯ ಹಿಂಬದಿಯಲ್ಲಿ ವಫಾ ಅವರ ಅಕ್ಷರ: "ಬಂದ ದಿನವೇ ಓದಿದೆ. ನೀನು ಹೋದರೆ ನನ್ನೆದುರು ಕೂತು ಯಾರು ಉಣ್ಣುತ್ತಾರೆ ಅನ್ನಿಸಿತು. ಸಾಲ ನನ್ನದು ಮಗನೇ, ನಿನ್ನದಲ್ಲ. ಎದುರಿಗೇ ಕೇಳಬೇಕೆಂದು ಹುಡುಕಿದೆ. ನೀನು ಮಾಫಿ ಕೊಡದೆ ನನ್ನ ಹಜ್ ಸಲ್ಲದು."

ನಈಮಾ ಗೋಡೆಯನ್ನು ಕತ್ತೆತ್ತಿ ನೋಡುತ್ತಿದ್ದಳು. "ಇನ್ನೆಷ್ಟು ಉಳೀತು?"

"ಎರಡು ಪದ, ಚಿಕ್ಕಮ್ಮ."

"ಬರೆದುಬಿಡು ಮತ್ತೆ. ಬಣ್ಣ ಒಣಗುತ್ತೆ."

"ಚಿಕ್ಕಪ್ಪ ಬರೋದು ಯಾವಾಗ?"

"ಇನ್ನೂ ಹದಿನೆಂಟು ದಿನ ಇದೆ."

ಶಾಝ್ಲಿ ಕುಂಚವನ್ನು ಸೀಮೆಎಣ್ಣೆಯಲ್ಲಿ ಅದ್ದಿ, ಕಪ್ಪು ಬಣ್ಣವೆಲ್ಲ ಬಿಡುವವರೆಗೆ ತೊಳೆದು, ಏಣಿಯನ್ನು ಗೋಡೆಯಿಂದ ತೆಗೆದಿಟ್ಟ.