ಭಾನುವಾರ ಬೀಳದ ಸರ್ವರ್

"ಇಷ್ಟೊಂದು ಮೆಮೊರಿನ ಯಾರಪ್ಪಾ ತಿಂತಿರೋದು?"

ತಂಡದ ಮುಖ್ಯಸ್ಥ ಡೆಸ್ಮಂಡ್ ಕೇಳಿದ್ದು ಯಾರನ್ನೂ ಅಲ್ಲ, ಎದುರಿಗಿದ್ದ ಪರದೆಗಳನ್ನು. ಆಕ್ಲೆಂಡಿನ ಆ ದೋಣಿ ಕಂಪನಿಯ ಟಿಕೆಟ್ ಮಾರುವ ಸರ್ವರ್ ಮತ್ತೆ ಬಿದ್ದಿತ್ತು. ಕಾರಣವೂ ಹಳೆಯದೇ: 'ಹೊಸ ಥ್ರೆಡ್ ಸೃಷ್ಟಿಸಲು ಮೆಮೊರಿ ಸಾಲದು.'

ಪ್ರತಿ ಕೆಲಸಕ್ಕೂ ಸರ್ವರ್ ಒಂದು ಥ್ರೆಡ್ ಹುಟ್ಟಿಸಬೇಕು. ಪ್ರತಿ ಥ್ರೆಡ್ಡೂ ಒಂದಿಷ್ಟು ಮೆಮೊರಿ ಹಿಡಿದು ಕೂರುತ್ತದೆ. ಮಿತಿ ತುಂಬಿತೋ, ಹೊಸದು ಹುಟ್ಟದು, ಟಿಕೆಟ್ ಸಿಗದು. ಡೆಸ್ಮಂಡ್ ಮಿತಿಯನ್ನು ಏರಿಸಿ ನೋಡಿದ್ದ. ಸರ್ವರ್ ಅದನ್ನೂ ನುಂಗಿತ್ತು.

"ಈ ಥ್ರೆಡ್‌ಗಳೆಲ್ಲ ಎಲ್ಲಿಂದ ಬರ್ತಿವೆ ಅಂತ ಒಂದ್ಸಲ ನೋಡ್ಲಾ?" ಎಂದ ಸೆಮಿಸಿ. ಟೊಂಗಾದಿಂದ ಬಂದ, ಮಾತು ಕಡಿಮೆಯ ಎಂಜಿನಿಯರ್.

"ನೋಡೋಕೆ ನಾನಿದೀನಿ. ನೀನು ನಿನ್ನ ಕೋಡ್ ತೊಳ್ಕೋ ಹೋಗು."

ನೋಡುವುದರಲ್ಲಿ ಡೆಸ್ಮಂಡ್‌ನನ್ನು ಮೀರಿಸುವವರಿರಲಿಲ್ಲ. ಕಾವಲಿಗೆಂದು ತಾನೇ ಒಂದು ವೆಬ್ ಪುಟ ಬರೆದಿದ್ದ. ಅದು ಎಡೆಬಿಡದೆ ಸರ್ವರನ್ನು 'ಬದುಕಿದ್ದೀಯಾ? ಬದುಕಿದ್ದೀಯಾ?' ಎಂದು ವಿಚಾರಿಸುತ್ತಿತ್ತು. ಅಷ್ಟು ಕಾಳಜಿ ಅವನು ಹೆತ್ತ ತಾಯಿಯ ಮೇಲೂ ತೋರಿದವನಲ್ಲ. ಪ್ರತಿ ಶನಿವಾರ ಸಂಜೆ ಎಲ್ಲ ಆರಿಸಿ, ಮೀನು ಹಿಡಿಯಲು ಹೊರಡುತ್ತಿದ್ದ.

ಈಗ ಅವನಿಗೆ ಒಂದು ವಿಷಯ ಹೊಳೆಯಿತು. ಭಾನುವಾರ ಊರಿಗೂರೇ ದ್ವೀಪಗಳಿಗೆ ಹೊರಡುತ್ತದೆ, ಟಿಕೆಟ್‌ಗೆ ನೂಕುನುಗ್ಗಲು. ಆದರೂ ಅಂದು ಸರ್ವರ್ ಒಮ್ಮೆಯೂ ಬಿದ್ದಿಲ್ಲ. ಅಂದು ಕಚೇರಿಗೆ ಬಾರದವನು ಯಾರು? ದೇವರ ದಿನವೆಂದು ಕಂಪ್ಯೂಟರನ್ನೇ ಮುಟ್ಟದ ಸೆಮಿಸಿ!

"ಅವನು ದೂರ ಇದ್ರೆ ಸರ್ವರ್ ಗಟ್ಟಿ, ಹತ್ರ ಬಂದ್ರೆ ಮಟಾಷ್" ಎಂದು ಭಾನುವಾರದ ಪಾಳಿಯ ನೈರಿಗೆ ಹೇಳಿದ. "ಸೋಮವಾರ ಅವನನ್ನ ಮನೆಗೆ ಕಳಿಸ್ತೀನಿ."

"ಮೊನ್ನೆ ಮೊನ್ನೆ ಮಗು ಆಗಿದೆ ಅವನಿಗೆ, ಡೆಸ್ಮಂಡ್. ಸಾಕ್ಷಿ ಇದೆಯಾ?"

"ಈ ಭಾನುವಾರ ನಾನೇ ಬಂದು ಕೂರ್ತೀನಿ. ಅವನಿಲ್ಲದಾಗ ಹೇಗೆ ಓಡುತ್ತೆ ಅಂತ ತೋರಿಸ್ತೀನಿ."

ಬಂದ. ಒಂದು ಕ್ಷಣವೂ ತಪ್ಪಬಾರದೆಂದು ಕಚೇರಿಯ ಅಷ್ಟೂ ಕಂಪ್ಯೂಟರ್‌ಗಳಲ್ಲಿ ಕಾವಲು ಪುಟ ತೆರೆದಿಟ್ಟ. ಬಿಸಿ ಮಾಂಸದ ಪೈ ಬಿಚ್ಚಿದ. ಅದು ಆರುವ ಮೊದಲೇ ಸರ್ವರ್ ಬಿತ್ತು.

"ಎಲ್ಲೋ ಕೂತು ಬೀಳಿಸ್ತಿದಾನೆ! ಹಿಡಿ ಅವನನ್ನ!"

ನೈರಿ ತನ್ನ ಫೋನ್ ಮುಂದೆ ಹಿಡಿದಳು. ಚರ್ಚಿನ ಆರಾಧನೆ ನೇರ ಪ್ರಸಾರವಾಗುತ್ತಿತ್ತು. ಟೊಂಗಾದವರ ಪದ್ಧತಿಯಂತೆ ಸೊಂಟಕ್ಕೆ ಚಾಪೆ ಸುತ್ತಿಕೊಂಡ ಸೆಮಿಸಿ, ಕಣ್ಣು ಮುಚ್ಚಿ, ಬಾಯ್ತುಂಬ ಹಾಡುತ್ತಿದ್ದ.

"ಎರಡೂ ಕೈ ಕೀರ್ತನೆ ಪುಸ್ತಕದ ಮೇಲಿವೆ, ನೋಡಿ" ಎಂದಳು. ಆಮೇಲೆ ಸೆಮಿಸಿ ಅಂದು ಕೇಳಿದ್ದ ಕೆಲಸವನ್ನು ತಾನೇ ಮಾಡಿದಳು. ಸರ್ವರ್ ತುಂಬ ಕೂತಿದ್ದ ಥ್ರೆಡ್‌ಗಳು ಎಲ್ಲಿಯವೆಂದು ನೋಡಿದಳು. ನೋಡಿ, ನಿಧಾನವಾಗಿ ಕುರ್ಚಿ ತಿರುಗಿಸಿದಳು.

"ಭಾನುವಾರ ನೀವೂ ಇರ್ತಿರಲಿಲ್ಲ ಅಲ್ವಾ, ಡೆಸ್ಮಂಡ್? ಇಲ್ಲಿರೋದೆಲ್ಲ ನಿಮ್ಮ 'ಬದುಕಿದ್ದೀಯಾ'ಗಳೇ. ಕೇಳೋಕೆ ಬಂದದ್ದು ಒಂದೂ ವಾಪಸ್ ಹೋಗಿಲ್ಲ. ಸೋಮವಾರ ಯಾರನ್ನ ಮನೆಗೆ ಕಳಿಸ್ಬೇಕು ಅನ್ನೋದು ಆಮೇಲೆ. ಮೊದಲು ದಯವಿಟ್ಟು ಆ ಪುಟಗಳನ್ನ ಮುಚ್ಚಿ."

"ಮುಚ್ಚಲ್ಲ!" ಎಂದ ಡೆಸ್ಮಂಡ್. "ಮುಚ್ಚಿದ್ರೆ ಸರ್ವರ್ ಬಿದ್ದದ್ದು ನನಗೆ ಹೇಗೆ ಗೊತ್ತಾಗ್ಬೇಕು?"